ಒಂದೇ ಬೆಡಗಿನ ನೆಲ್ಲಿಗಿಡಗಳು

೧ ನವೆಂಬರ್ ೧೯೭೯, ಗುರುವಾರ. ಗಡಹಿಂಗ್ಲಜ.

ತುಳಸಿ ಲಗ್ನಕ್ಕೆ ಈ ವರ್ಷವೂ ಮೈದುನನ ಹೆಂಡತಿ, ನೆಗೆಣ್ಣಿ ಸೋನವ್ವನ ಮನೆಯ ನೆಲ್ಲಿಕಾಯಿಯೇ ಬಂತು. ಬುಟ್ಟಿ ಇಳಿಸುತ್ತಾ, "ನಿಮ್ಮ ಗಿಡ ಬರೇ ಹೂ ತೋರಸಾಕ ಐತೇನ್ರಿ ಅಕ್ಕಾ?" ಎಂದಳು. ಹೊಟ್ಟೆ ಉರಿಯಿತು. ನೀರು, ಗೊಬ್ಬರ, ಪೂಜೆ ಎಲ್ಲ ನನ್ನ ಗಿಡಕ್ಕೇ ಹೆಚ್ಚು. ಒಂಟಿಯಾಯಿತೆಂದು ಅದರದೇ ಟೊಂಗೆಯಿಂದ ಕಸಿ ಮಾಡಿಸಿ ಜೋಡಿಯನ್ನೂ ಬೆಳೆಸಿದೆ. ಎರಡೂ ಮೈತುಂಬ ಹೂ ಬಿಡುತ್ತವೆ, ಎಲ್ಲ ಉದುರಿಸುತ್ತವೆ.

ಕೊಲ್ಹಾಪುರದಲ್ಲಿ ಒಕ್ಕಲುತನ ಓದುವ ನನ್ನ ಅಣ್ಣನ ಮಗ ಶಿವಗೊಂಡ ಇವತ್ತು ಗಿಡ ನೋಡಿ ನಕ್ಕ. "ಅತ್ತಿ, ಇವೆರಡೂ ಒಂದ ಬೆಡಗಿನವು, ಒಂದ ಗೋತ್ರ ಇದ್ಧಾಂಗ. ಹೆಣ್ಣು ಹ್ಯಾಂಗ ಕೊಡತಾವು? ನೆಲ್ಲಿ ತನ್ನ ಪರಾಗ ಗುರುತು ಹಿಡದು ಒಲ್ಲೆ ಅಂತೈತಿ. ಬ್ಯಾರೆ ತಳಿ ಬೇಕು. ಸೋನವ್ವತ್ತಿ ಹಿತ್ತಲದಾಗ ಎರಡು ತಳಿ ಅದಾವು. ಅಲ್ಲಿಂದ ಟೊಂಗಿ ತಂದು ಕಸಿ ಕಟ್ಟು."

ಅವಳ ಹಿತ್ತಲೇ ಬೇಕಿತ್ತೇ, ಶಿವನೇ?

ಕೇಳಿದಾಗ ಅವಳು ಇಲ್ಲವೆಂದರೆ ಹೇಗೋ ತಡೆದುಕೊಂಡೇನು. ಆದರೆ ಸೋನವ್ವ ಇಲ್ಲ ಅನ್ನುವವಳಲ್ಲ. ನಗುತ್ತಾ ಒಂದಕ್ಕೆ ಎರಡು ಟೊಂಗೆ ಕಡಿದು ಕೊಡುತ್ತಾಳೆ. ಆಮೇಲೆ ನನ್ನ ಗಿಡದಲ್ಲಿ ಕಾಯಿ ಕಂಡಾಗಲೆಲ್ಲ ಆ ನಗುವೇ ಕಣ್ಣಿಗೆ ಕಟ್ಟುತ್ತದೆ.