ಕೂಮ್ ಹೆಲಿಗ್ ಶಾಲೆಯ ಸೇತುವೆ

ಬೆಸ್ಟ್, ನೆದರ್‌ಲ್ಯಾಂಡ್ಸ್
ಶನಿವಾರ, ೨೨ ಮಾರ್ಚ್ ೨೦೨೫

ಪ್ರೀತಿಯ ಅಕ್ಕನಿಗೆ ತಂಗಿ ಉಷಾ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಸೌಖ್ಯ. ನೀನು, ಭಾವ, ಮಕ್ಕಳು ಆರಾಮ ಇದ್ದೀರೆಂದು ತಿಳಿದಿದ್ದೇನೆ. ಅಪ್ಪನ ಕಣ್ಣಿನ ಆಪರೇಶನ್ ಚೆನ್ನಾಗಿ ಆಯಿತಂತೆ, ಕೇಳಿ ಸಮಾಧಾನವಾಯಿತು. ಸಂಕ್ರಾಂತಿಗೆ ನೀನು ಕಳಿಸಿದ ಕುಸುರೆಳ್ಳಿನ ಡಬ್ಬಿ ಬಂದು ಎಷ್ಟೋ ದಿನವಾಯಿತು, ಬಂತು ಅಂತ ನಾನು ಒಂದು ಸಾಲು ಬರೆಯಲಿಲ್ಲ. ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನೀನು ನಿನ್ನ ಕಾಲೇಜಿನ ಪ್ರಿನ್ಸಿಪಾಲಳೇ ಆಗಿಬಿಡುತ್ತೀ, ನಾನು ಹೂಂ ಹೂಂ ಅಂದು ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮೊದಲು ಒಂದು ಸುದ್ದಿ. ಕೂಮ್ ಹೆಲಿಗ್ ಶಾಲೆಯ ಮೇಲಿನ ಕಟ್ಟಡವನ್ನು ಕೆಡವುತ್ತಿದ್ದಾರೆ. ವೇಲ್ಸ್‌ನಲ್ಲಿದ್ದಾಗ ನಾನು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆನಲ್ಲ, ಅದೇ ಶಾಲೆ. ಅಲ್ಲಿ ಅಡುಗೆಯವರ ಯಜಮಾನಿಯಾಗಿದ್ದ ಬ್ರಾನ್ವೆನ್ ವಿಡಿಯೋ ಕಳಿಸಿದ್ದಾಳೆ. ಹಳದಿ ಯಂತ್ರವೊಂದು ಗೋಡೆಯನ್ನು ಕಚ್ಚಿ ಕಚ್ಚಿ ಎಳೆಯುತ್ತಿದೆ, ಸುತ್ತ ಸೋನೆ ಮಳೆ, ನಡುನಡುವೆ ಬ್ರಾನ್ವೆನ್ ಮೂಗು ಸೆಳೆದುಕೊಳ್ಳುವ ಸದ್ದು. ನಾನೂ ಅತ್ತೆ. ಯಾರದೋ ಊರಿನ ಯಾರದೋ ಶಾಲೆಗೆ ನಾನ್ಯಾಕೆ ಅಳಬೇಕು, ಹೇಳು.

ನಿನಗೆ ಆ ಶಾಲೆಯ ಕತೆ ಹೇಳಿಯೇ ಇಲ್ಲ. ಅದು ಮೊದಲು ಎರಡು ಶಾಲೆಯಾಗಿತ್ತು. ಗುಡ್ಡದ ಮೇಲಿನದು ಕಲ್ಲಿನ ಕಟ್ಟಡ. ನೂರು ವರ್ಷಕ್ಕೂ ಹಿಂದೆ ಕಲ್ಲಿದ್ದಲು ಗಣಿಯ ಕೂಲಿಕಾರರು ತಮ್ಮ ಪಗಾರದಲ್ಲಿ ಒಂದಿಷ್ಟು ತೆಗೆದಿಟ್ಟು ಮಕ್ಕಳಿಗಾಗಿ ಕಟ್ಟಿಸಿದ್ದು. ಆಮೇಲೆ ಸರಕಾರದವರು ಹನ್ನೊಂದನೇ ವಯಸ್ಸಿಗೆ ಒಂದು ಪರೀಕ್ಷೆ ಇಟ್ಟರು. ಪಾಸಾದವರು ಗುಡ್ಡದ ಮೇಲೆ, ಉಳಿದವರಿಗೆ ಗುಡ್ಡದ ಕೆಳಗೆ ಇಟ್ಟಿಗೆಯ ಬೇರೆ ಶಾಲೆ. ಮೇಲಿನವರು ಲ್ಯಾಟಿನ್ ಓದಿದರು, ಕೆಳಗಿನವರು ಬಡಿಗತನ, ಹೊಲಿಗೆ ಕಲಿತರು. ಬ್ರಾನ್ವೆನ್‌ಳ ಅಕ್ಕ ಮೇಲೆ ಹೋದಳು, ಬ್ರಾನ್ವೆನ್ ಕೆಳಗೆ. ಒಂದೇ ಮನೆಯಿಂದ ಹೊರಟವರು ಓಣಿಯ ತುದಿಯಲ್ಲಿ ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ. ದಾರಿಯಲ್ಲಿ ಎದುರಾದರೆ ಅಕ್ಕನ ಗೆಳತಿಯರ ಮುಂದೆ ಮಾತಾಡುವುದಕ್ಕೂ ಸಂಕೋಚವಾಗುತ್ತಿತ್ತಂತೆ.

ಅಕ್ಕತಂಗಿಯರು ಒಂದೆರಡು ವರ್ಷ ಹೀಗೇ ನಡೆದ ಮೇಲೆ ಪರೀಕ್ಷೆ ತೆಗೆದುಹಾಕಿ ಎರಡೂ ಶಾಲೆಗಳನ್ನು ಕೂಡಿಸಿದರು. ಡಾಕ್ಟರರ ಮಗನೂ ಅಲ್ಲೇ, ಕಸ ಗುಡಿಸುವವನ ಮಗಳೂ ಅಲ್ಲೇ. ಅಂಥ ಶಾಲೆಗೆ ಅವರು ಕಾಂಪ್ರೆಹೆನ್ಸಿವ್ ಅನ್ನುತ್ತಾರೆ. ಮೇಲಿನ ಕಟ್ಟಡದಿಂದ ಕೆಳಗಿನ ಕಟ್ಟಡಕ್ಕೆ ಒಂದು ಉದ್ದನೆಯ ಸೇತುವೆ ಕಟ್ಟಿದರು. ಅದರ ಮೇಲೆ ಚಾವಣಿ, ಎರಡೂ ಬದಿಗೆ ಗಾಜಿನ ಕಿಟಕಿ. ಮೊದಲ ದಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ಇವರು, ಯಾರೂ ಹೆಜ್ಜೆ ಕಿತ್ತಿಡಲೊಲ್ಲರು. ಕಡೆಗೆ ಬ್ರಾನ್ವೆನ್‌ಳ ಅಕ್ಕನೇ ನಡೆದು ಬಂದಳಂತೆ. ತಂಗಿಯ ಎದುರು ನಿಂತು, "ಟೈ ಸೊಟ್ಟ ಕಟ್ಟಿಕೊಂಡೀ ನೋಡು" ಅಂದು ಬಿಚ್ಚಿ ಮತ್ತೆ ಕಟ್ಟಿದಳಂತೆ. ಅಷ್ಟೇ ಕತೆ. ಬ್ರಾನ್ವೆನ್ ಆಲೂಗಡ್ಡೆ ಸುಲಿಯುತ್ತ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು, ನಾನು ಪ್ರತಿಸಲ ಹೊಸದಾಗಿ ಕೇಳುತ್ತಿದ್ದೆ.

ನಾನು ಸೇರುವ ಹೊತ್ತಿಗೆ ಅಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ಮಕ್ಕಳು. ಊಟದ ಗಂಟೆ ಹೊಡೆದರೆ ಸಾಕು, ಅಬ್ಬಬ್ಬಾ, ಆ ಗದ್ದಲ! ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅವರ ತಟ್ಟೆಗೆ ಬಟಾಣಿ ಹಾಕುತ್ತ ಅವರ ಮಾತು ಕೇಳುತ್ತಿದ್ದೆ. ಜ್ವಾಲಾಮುಖಿ, ಫ್ರೆಂಚ್ ಕ್ರಾಂತಿ, ಯಾವ ಮಾಸ್ತರು ಕೆಟ್ಟವನು, ಯಾರು ಯಾರನ್ನು ಪ್ರೀತಿಸುತ್ತಿದ್ದಾರೆ. ಕೆಲವರು ನನ್ನನ್ನೂ 'ಮಿಸ್' ಅನ್ನುತ್ತಿದ್ದರು. ಮಾರ್ಚ್ ಒಂದನೇ ತಾರೀಖು ಅವರ ಸಂತ ಡೇವಿಡ್ಡನ ಹಬ್ಬ. ಆವತ್ತು ಇಡೀ ಶಾಲೆ ಕೂಡಿ ಹಾಡುವಾಗ ನಾವು ಅಡುಗೆಯವರೂ ಬಾಗಿಲಲ್ಲಿ ನಿಂತು ದನಿಗೂಡಿಸುತ್ತಿದ್ದೆವು. ನನಗೆ ಪದ ಬರುತ್ತಿರಲಿಲ್ಲ, ರಾಗ ಬರುತ್ತಿತ್ತು.

ಇಲ್ಲಿಗೆ ಬಂದ ಮೇಲೆ ಆ ಶಾಲೆ ಕನಸಿಗೆ ಬರುತ್ತದೆ. ಮಧ್ಯಾಹ್ನ ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರೆ ಸಾಕು. ನಾನು ಅಲ್ಲಿನ ಮಕ್ಕಳ ಹಸಿರು ಕೋಟು ಹಾಕಿಕೊಂಡು ಶಾಲೆಗೆ ಹೊರಟಿದ್ದೇನೆ. ವಯಸ್ಸು ಈಗಿನದೇ, ಕಿವಿಯ ಹತ್ತಿರ ಬಿಳಿಕೂದಲು, ಆದರೂ ಯಾರೂ ನಗುವುದಿಲ್ಲ. ಸೇತುವೆಯ ಮೇಲೆ ನಡೆಯುತ್ತೇನೆ. ಕಿಟಕಿಯಾಚೆ ಮಂಜು, ಮಂಜಿನೊಳಗೆ ಕುರಿಗಳು. ನಡೆದಷ್ಟೂ ಸೇತುವೆ ಉದ್ದವಾಗುತ್ತದೆ, ಕಾಲಡಿ ಮೆಲ್ಲಗೆ ತೂಗುತ್ತದೆ. ನೋಡಿದರೆ ಅದು ನಮ್ಮ ಗೋಕಾಕ ಫಾಲ್ಸಿನ ತೂಗುಸೇತುವೆ! ಕೆಳಗೆ ಕೆಂಪು ನೀರು ಧುಮುಕುತ್ತಿದೆ, ಸದ್ದೇ ಇಲ್ಲ. ಎಲ್ಲೋ ದೂರದಲ್ಲಿ ಮಕ್ಕಳೆಲ್ಲ ಹಾಡುತ್ತಿದ್ದಾರೆ. ನನ್ನ ಕ್ಲಾಸು ಯಾವುದು ಅಂತ ನನಗೆ ಗೊತ್ತಿಲ್ಲ, ಆದರೆ ಅದು ಇದ್ದೇ ಇದೆ, ಮುಂದೆ ಎಲ್ಲೋ ಒಂದು ಬೆಂಚು ಖಾಲಿ ಇಟ್ಟಿದ್ದಾರೆ ಅನಿಸುತ್ತದೆ. ಅಷ್ಟರಲ್ಲಿ ಕುಕ್ಕರು ಕೂಗುತ್ತದೆ.

ಈಗ ಮಕ್ಕಳ ವಿಷಯ. ಕಾಗದ ತಡವಾದದ್ದೂ ಅದಕ್ಕೇ.

ಈ ದೇಶದಲ್ಲಿ ಮಕ್ಕಳನ್ನು ಇನ್ನೂ ವಿಂಗಡಿಸುತ್ತಾರೆ, ಹನ್ನೆರಡನೇ ವಯಸ್ಸಿಗೇ. ಆ ಶಾಲೆಗಳಿಗೆಲ್ಲ ಇಲ್ಲಿಯವರದೇ ಹೆಸರುಗಳಿವೆ. ನೀನು ಮೇಲಿನದು, ನಡುವಿನದು, ಕೆಳಗಿನದು ಅಂದುಕೋ. ಟೀಚರು ಹೇಳಿದ್ದನ್ನೂ ಒಂದು ಪರೀಕ್ಷೆಯನ್ನೂ ನೋಡಿ ತೀರ್ಮಾನ. ನಮ್ಮ ಅವಳಿಗಳು, ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಇದ್ದವರು: ನಿಹಾರಿಕಾಗೆ ಎಲ್ಲಕ್ಕಿಂತ ಮೇಲಿನದು ಬಂತು, ನಿಸರ್ಗಳಿಗೆ ಕೆಳಗಿನದು. ಟೀಚರಮ್ಮ ಒಳ್ಳೆಯವಳೇ. "ನಿಸರ್ಗ ನಿಧಾನವಾಗಿ ಯೋಚಿಸುತ್ತಾಳೆ, ಭಾಷೆ ಇನ್ನೂ ಹಿಡಿತಕ್ಕೆ ಬಂದಿಲ್ಲ, ಇದೇನು ಶಿಕ್ಷೆಯಲ್ಲ" ಅಂದಳು. ಪಕ್ಕದ ಊರು ಐಂಡ್‌ಹೋವನ್‌ನಲ್ಲಿ ಒಂದು ಶಾಲೆಯಿದೆಯಂತೆ. ಅಲ್ಲಿ ಮೊದಲ ಎರಡು ವರ್ಷ ಮೇಲಿನವರು, ಕೆಳಗಿನವರು ಎಲ್ಲ ಒಂದೇ ಕ್ಲಾಸಿನಲ್ಲಿ ಕೂರುತ್ತಾರೆ, ಬೇಕಾದರೆ ಇಬ್ಬರನ್ನೂ ಅಲ್ಲಿಗೆ ಹಾಕಿ ಅಂತಲೂ ಹೇಳಿದಳು. ನನ್ನ ಜೀವ ಅಲ್ಲೇ ನೆಟ್ಟಿತು.

ಇವರು ಒಪ್ಪಲಿಲ್ಲ. ನನ್ನ ಗಂಡನಾಗುವ ಮೊದಲಿಂದಲೂ ರುದ್ರಪ್ಪ ಮಾಮಾ ಹೇಗೆ ಅಂತ ನಿನಗೆ ಗೊತ್ತೇ ಇದೆ, ಸೋದರಮಾವನ ಮಗ, ನಮ್ಮ ಕಣ್ಣೆದುರೇ ಓದಿ ಇಂಜಿನಿಯರ್ ಆದವರು. "ನಿಹಾರಿಕಾಗ ಲ್ಯಾಟಿನ್ ಕಲಿಸೋ ಸಾಲಿ ಸಿಗತದ. ತಂಗಿ ಸಲುವಾಗಿ ಆಕೀ ಕಾಲಿಗೆ ಕಲ್ಲು ಕಟ್ಟೋದೇನು?" ಅಂದರು. ಆಮೇಲೆ ದನಿ ಇಳಿಸಿ, "ಯುಗಾದಿಗೆ ಕನ್ನಡದವರೆಲ್ಲ ಕೂಡತಾರ. ಸಣ್ಣಾಕೀದು ಏನಾತು ಅಂತ ಕೇಳಿದ್ರ ಏನ್ ಹೇಳ್ಲಿ ಉಷಾ?" ಅಂದರು. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು.

ಟೀಚರು ಮೊದಲು ಹೇಳಿದ್ದರ ಮೇಲೆ ಪರೀಕ್ಷೆಯೂ ಮುಗಿದು, ಮೊನ್ನೆ ಬುಧವಾರ ಫಲಿತಾಂಶ ಕಾಯಂ ಆಗಿ ಬಂತು. ಏನೂ ಬದಲಾಗಿರಲಿಲ್ಲ. ಇವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಲ್ಯಾಪ್‌ಟಾಪ್ ಮುಚ್ಚಿ ಅಂಗಡಿಗೆ ಓಡಿದರು. ಏನು ಮಾಡಿದರು ಅಂತ ಕೇಳು. ಇಲ್ಲಿ ಜೂನ್ ತಿಂಗಳಲ್ಲಿ ಕೆಲವು ಮನೆಗಳ ಮುಂದೆ ಬಾವುಟ ಕಟ್ಟಿ, ಅದರ ಕೋಲಿಗೆ ಮಕ್ಕಳ ಪಾಟಿಚೀಲ ನೇತುಹಾಕುತ್ತಾರೆ. ಹೈಸ್ಕೂಲಿನ ಕಡೆಯ ಪರೀಕ್ಷೆ ಪಾಸಾದರೆ ಹಾಗೆ. ಇನ್ನು ಚೀಲ ಹೊರುವುದು ಮುಗಿಯಿತು ಅಂತ. ಇವರು ಅದನ್ನು ನೋಡಿದ್ದರೇ ಹೊರತು ಯಾಕೆಂದು ಯಾರನ್ನೂ ಕೇಳಿರಲಿಲ್ಲ. ಮಗಳಿಗೆ ಮೇಲಿನ ಶಾಲೆ ಸಿಕ್ಕಿತಲ್ಲ, ಬಾವುಟ ತಂದರು, ಕೋಲು ಸಿಕ್ಕಿಸಿದರು, ಚೀಲ ಬಿಸಾಡಿ ಗೆಳತಿಯ ಮನೆಗೆ ಓಡಿದ್ದ ನಿಹಾರಿಕಾಳ ಆ ಚೀಲವನ್ನೇ ತೂಗುಹಾಕಿದರು. ಪಕ್ಕದ ಮನೆಯ ತ್ರೂಸ್ ಅಜ್ಜಿ ಹೊರಗೆ ಬಂದು, ಬಾಗಿ ಬಾಗಿ ನೋಡಿ, "ನಿಮ್ಮ ಮನೆಯಲ್ಲಿ ಯಾರು ಹೈಸ್ಕೂಲು ಮುಗಿಸಿದರು? ನೀವಾ?" ಅಂತ ಇವರನ್ನೇ ಕೇಳಿದಳು. ನಾನು ನಗು ತಡೆಯಲಾರದೆ ಒಳಗೆ ಬಂದೆ.

ಆಗಲೇ ನಿಸರ್ಗ ಸೈಕಲ್ಲಿನಿಂದ ಇಳಿದಳು. ತಲೆಯೆತ್ತಿ ಬಾವುಟ ನೋಡಿದಳು, ಚೀಲ ನೋಡಿದಳು. ಒಳಗೆ ಬಂದು ತನ್ನ ಬೆನ್ನ ಮೇಲಿದ್ದ ಚೀಲ ಇಳಿಸಿ, ಯಾರಿಗೂ ಕಾಣದ ಹಾಗೆ ಬಾಗಿಲ ಹಿಂದೆ ತಳ್ಳಿದಳು. ಕೈ ತೊಳೆದು ಊಟಕ್ಕೆ ಕೂತಳು.

ಸ್ವಲ್ಪ ಹೊತ್ತಿಗೆ ನಿಹಾರಿಕಾ ಗೆಳತಿಯ ಮನೆಯಿಂದ ಬಂದಳು. ಅಂಗಳದಲ್ಲೇ ನಿಂತು ಕೂಗಿದಳು: "ಪಪ್ಪಾ! ವೇರ್ ಈಸ್ ನಿಸರ್ಗಾಸ್ ಬ್ಯಾಗ್?"

"ಆಕೀದು ಆಮೇಲೆ ನೋಡೋಣು ಬಾರವ್ವ."

"ನೋ. ನೌ."

ಒಳಗೆ ಬಂದಳು, ಬಾಗಿಲ ಹಿಂದಿನಿಂದ ಚೀಲ ಎಳೆದಳು, ಸ್ಟೂಲು ಒಯ್ದಳು. ತನ್ನ ಚೀಲದ ಪಕ್ಕಕ್ಕೇ ತಂಗಿಯದನ್ನೂ ಕಟ್ಟಿದಳು. ಎರಡರ ಭಾರಕ್ಕೆ ಕೋಲು ಬಾಗಿ ಬಾವುಟದ ತುದಿ ಬೇಲಿಗೆ ತಾಗಿತು. ಸ್ಟೂಲಿನ ಮೇಲೆ ನಿಂತೇ ಅಪ್ಪನಿಗೆ ಅಂದಳು: "ಇಬ್ರಿಗೂ ಎಲ್ಲಿ ಜಾಗ ಅದನೋ ಅಲ್ಲಿಗೆ ಹೋಗ್ತೀನಿ. ಲ್ಯಾಟಿನ್ ಐ ಕ್ಯಾನ್ ಲರ್ನ್ ಲೇಟರ್."

ನಿಸರ್ಗ ಬಾಗಿಲಿಗೆ ಬಂದು, "ಡೂ ನಾರ್ಮಾಲ್!" ಎಂದು ರೇಗಿದಳು. ಸುಮ್ಮನೆ ನೆಟ್ಟಗಿರು ಅಂತ ಅರ್ಥ, ಇಲ್ಲಿನ ಮಕ್ಕಳ ಬಾಯಲ್ಲಿ ಹೊತ್ತಿಗೊಮ್ಮೆ ಬರುವ ಮಾತು. "ನನ್ ಸಲುವಾಗಿ ಯಾಕ್ ಬರ್ತಿ?"

"ನಿನ್ ಸಲುವಾಗಿ ಯಾರ್ ಬಂದ್ರು? ನನಗ ಒಬ್ಬಾಕೀಗೆ ಬೇಜಾರಾಗ್ತದ."

ಇವರು ಸ್ಟೂಲು ಹಿಡಿದುಕೊಂಡು ನಿಂತೇ ಇದ್ದರು. ಮಗಳು ಬೀಳಬಾರದಲ್ಲ. ತ್ರೂಸ್ ಅಜ್ಜಿ ತನ್ನ ಮನೆಯಿಂದ ಸೇಬಿನ ಕೇಕು ತಂದು, ಏನೊಂದೂ ಅರ್ಥವಾಗದಿದ್ದರೂ, ಇಬ್ಬರಿಗೂ ಅಭಿನಂದನೆ ಹೇಳಿ ಹೋದಳು. ಬಾವುಟವನ್ನು ಇವರು ಸಂಜೆಯವರೆಗೂ ತೆಗೆಯಲಿಲ್ಲ.

ನಿನ್ನೆ ನಾಲ್ವರೂ ಸೈಕಲ್ ಹೊಡೆದುಕೊಂಡು ಆ ಶಾಲೆ ನೋಡಿ ಬಂದೆವು. ಸಾಧಾರಣ ಕಟ್ಟಡ, ಒದ್ದೆ ಕೋಟುಗಳ ವಾಸನೆ, ಗದ್ದಲ. ಇವರು ಅಲ್ಲಿಯ ಮಾಸ್ತರರಿಗೆ ಪ್ರಶ್ನೆ ಕೇಳಿ ಕೇಳಿ ಬೆವರಿಳಿಸಿದರು. ಬರುವಾಗ ಕಾಲುವೆಯ ದಾರಿಯುದ್ದಕ್ಕೂ ಹುಡುಗಿಯರಿಬ್ಬರೂ ಮುಂದೆ ಜೋಡಿಯಾಗಿ ಹೋಗುತ್ತಿದ್ದರು. ಮನೆ ಹತ್ತಿರ ಬಂದಾಗ ಇವರು, "ಸೋಮವಾರ ಇಬ್ರದೂ ಅಲ್ಲೇ ಹೆಸರು ಹಚ್ಚೋಣು" ಅಂದರು. ಯುಗಾದಿಯಲ್ಲಿ ಕೇಳಿದವರಿಗೆ ಏನು ಹೇಳುತ್ತೀರಿ ಅಂದೆ. "ನೀ ಹೇಳು, ನಿನಗ ಹೇಳಾಕ ಬರತದ" ಅಂದರು. ಅಂತೂ ನನಗೂ ಒಂದು ಕೆಲಸ ಸಿಕ್ಕಿತು.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ಭಾವನಿಗೆ ನಮಸ್ಕಾರ. ನನ್ನ ಹುಡುಗಿಯರಿಗೆ ನಿನ್ನ ಹರಕೆ ಇರಲಿ, ಜೋಡಿಯಾಗಿ ಹೋದವರು ಜೋಡಿಯಾಗಿ ಮನೆಗೆ ಬರಲಿ. ಈ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಡ.

ನಿನ್ನ ತಂಗಿ,
ಉಷಾ

ತಾ.ಕ.: ಬುಧವಾರದಿಂದ ನಿನ್ನನ್ನು ಒಂದು ಮಾತು ಕೇಳಬೇಕೆಂದಿದ್ದೇನೆ. ಅದನ್ನು ಬರೆಯಲೆಂದೇ ಕೂತವಳು ಇಷ್ಟೆಲ್ಲ ಬೇರೆಯದನ್ನೇ ಬರೆದೆ. ನಾನು ಏಳನೇತ್ತ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಪಡಸಾಲೆಯಲ್ಲಿ ಕೂತು, "ಒಬ್ಬಾಕಿ ಓದಿದ್ರ ಸಾಕು. ಉಷಿ ಮನ್ಯಾಗಿರಲಿ, ಅವ್ವಗ ಕೈಲಾಗವಲ್ದು" ಅಂದರಲ್ಲ, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನೀನು ಅಪ್ಪನ ಹತ್ತಿರವೇ ಇದ್ದೆ, ನನಗೆ ಗೊತ್ತು. ಬಡಿಯುವುದನ್ನು ನಿಲ್ಲಿಸಿ ನೀನೇನು ಅನ್ನುತ್ತೀ ಅಂತ ಕೇಳುತ್ತ ಕೂತೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು, ನಿನ್ನ ದನಿ ಕೇಳಲಿಲ್ಲ. ನೀನೂ ಆಗ ಸಣ್ಣವಳು, ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ ಅಕ್ಕ. ಕೇಳುವುದು ಇಷ್ಟೇ. ಆಮೇಲೆ ಎಂದಾದರೂ, ನಾನಿಲ್ಲದಾಗ, ಅಪ್ಪನ ಮುಂದೆ "ಉಷಿನೂ ಬರಲಿ" ಅಂತ ಒಮ್ಮೆಯಾದರೂ ಅಂದಿದ್ದೆಯಾ? ಅಂದಿರದಿದ್ದರೂ, ಅಂದಿದ್ದೆ ಅಂತ ಬರೆ.