ಅರ್ಧಕ್ಕೆ ನಿಂತ ಪ್ರಕಟಣೆ

ಮೂರನೇ ಮಹಡಿಯ ಮನೆಯಿಂದ,
ಬುಧವಾರ, ಮಾರ್ಚ್ 11, ಬೆಳಗ್ಗೆ ಎಂಟೂವರೆ

ಪ್ರೀತಿಯ ಮಗಳೇ, ನನ್ನ ಫ್ಯೂಸಮ್ಮಾ,

ಹೇಗಿದ್ದೀಯ? ಭಾನುವಾರ ಬಂದಾಗ ನಿನ್ನ ಬಲಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ಸುಟ್ಟದ್ದೋ ಕುಯ್ದದ್ದೋ ಕೇಳಬೇಕು ಎಂದುಕೊಂಡಿದ್ದೆ, ಅಷ್ಟರಲ್ಲಿ ಎಲ್ಲ ಎಕ್ಕುಟ್ಟಿ ಹೋಯಿತು. ಗಾಯಕ್ಕೆ ನೀರು ತಾಗಿಸಬೇಡ. ಹಡಗಿನಲ್ಲಿ ಡಾಕ್ಟರು ಇರುತ್ತಾರೋ ಇಲ್ಲವೋ, ಹತ್ತುವ ಮೊದಲೇ ಯಾರಿಗಾದರೂ ತೋರಿಸಿಬಿಡು. ಊಟ ಸರಿಯಾಗಿ ಮಾಡುತ್ತಿದ್ದೀಯಾ? ವೈರು ಕೈಗೆ ಸಿಕ್ಕರೆ ನಿನಗೆ ಹೊಟ್ಟೆಯೊಂದು ಇದೆ ಎಂಬುದೇ ಮರೆತುಹೋಗುತ್ತದೆ. ಅದು ನಿಮ್ಮಮ್ಮನ ಕಡೆಯಿಂದ ಬಂದ ಗುಣ, ನನ್ನ ಕಡೆಯವರು ಯಾರೂ ಊಟ ಮರೆತವರಲ್ಲ. ನಾನು ಚೆನ್ನಾಗಿದ್ದೇನೆ. ಕುತ್ತಿಗೆಯ ತೂತಿನಲ್ಲಿ ಉಸಿರಾಡುವಾಗ ಸ್ವಲ್ಪ ಸಿಳ್ಳೆ ಹೊಡೆದಂತೆ ಆಗುತ್ತದೆ, ಅಷ್ಟೇ. ಅದಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ.

ಮಗಳೇ, ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಹರಿದು ಬಿಸಾಡಬೇಡ. ಭಾನುವಾರ ನೀನು ಕೇಳಿಸಿಕೊಂಡದ್ದು ನನ್ನ ಅರ್ಧ ಮಾತು. ಉಳಿದರ್ಧ ಹೊರಬರುವ ಮೊದಲೇ ಲ್ಯಾಪ್‌ಟಾಪ್ ಆರಿಹೋಯಿತು. ಇದನ್ನು ಹೇಳಲಿಕ್ಕೆ ನಿನಗೆ ಹನ್ನೊಂದು ಮೆಸೇಜು ಕಳಿಸಿದ್ದೇನೆ, ಹನ್ನೊಂದಕ್ಕೂ ಒಂದೊಂದೇ ಗೀಟು ಬಿದ್ದಿದೆ, ತಲುಪಿದರೆ ಬೀಳುವ ಎರಡನೇ ಗೀಟು ಬಿದ್ದಿಲ್ಲ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿರುವೆ ಎಂಬುದು ತಿಳಿಯದಷ್ಟು ದಡ್ಡ ನಾನಲ್ಲ. ಫೋನು ಮಾಡಿದರೂ ಹೋಗುವುದಿಲ್ಲ. ಹೋದರೂ ನಾನು ಅದರಲ್ಲಿ ಏನು ಮಾತಾಡಿ ಕಡಿದುಹಾಕುತ್ತಿದ್ದೆ ಎನ್ನುವುದು ಬೇರೆ ವಿಷಯ. ಸೋಮವಾರ ನಿನ್ನ ಹಡಗು ಹೊರಡುತ್ತದೆ, ಆಮೇಲೆ ಎರಡು ವರ್ಷ ನೀನು ಸಿಗುವುದಿಲ್ಲ. ನಿನ್ನ ಹಾಸ್ಟೆಲ್ಲಿನ ವಿಳಾಸ ಹಳೆಯ ಪಾರ್ಸೆಲ್ಲಿನ ರಟ್ಟಿನ ಮೇಲೆ ಸಿಕ್ಕಿತು. ಇವತ್ತು ಹತ್ತೂವರೆಯ ಚೀಲಕ್ಕೆ ಹಾಕಿದರೆ ಶುಕ್ರವಾರ ತಲುಪುತ್ತದೆ ಎಂದು ಅಂಚೆ ಕಚೇರಿಯಾಕೆ ಹೇಳಿದ್ದಾಳೆ. ಅದಕ್ಕೇ ಓಡಿಸಿಕೊಂಡು ಬರೆಯುತ್ತಿದ್ದೇನೆ.

ಎಂಟು ತಿಂಗಳ ಹಿಂದಿನದನ್ನು ನಿನಗೆ ನಾನು ನೆನಪಿಸಬೇಕಾಗಿಲ್ಲ, ಆದರೂ ಒಮ್ಮೆ ನನ್ನ ಕೈಯಿಂದಲೇ ಬರೆಯುತ್ತೇನೆ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗಿ ಅನ್ನ ತಿಂದವನು ನಾನು. ಗಂಟಲಲ್ಲಿ ಗಡ್ಡೆ ಎಂದು ಗೊತ್ತಾದ ದಿನವೇ ನಿನಗೆ ಖಡಾಖಂಡಿತ ಹೇಳಿದ್ದೆ, ದನಿಪೆಟ್ಟಿಗೆ ತೆಗೆಯುವುದಾದರೆ ನನ್ನನ್ನು ಹಾಗೇ ಬಿಟ್ಟುಬಿಡಿ ಎಂದು. ಆಮೇಲೊಂದು ಮಧ್ಯಾಹ್ನ ಉಸಿರು ಕಟ್ಟಿ ಬಿದ್ದೆ. ಡಾಕ್ಟರು ನಿನ್ನ ಮುಂದೆ ಕಾಗದ ಇಟ್ಟರು, ನೀನು ಸಹಿ ಹಾಕಿದೆ. ಎಚ್ಚರವಾದಾಗ ಪ್ರಾಣ ಇತ್ತು, ದನಿ ಇರಲಿಲ್ಲ. ಅಂದಿನಿಂದ ನಾನು ನಿನ್ನ ಮುಖ ನೋಡಿ ಒಂದು ಸಾಲೂ ಬರೆದು ತೋರಿಸಲಿಲ್ಲ. ನೀನು ಬಂದರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ನೀನು ಮಾತ್ರ ನಿನ್ನ ಹಳೆಯ ಲ್ಯಾಪ್‌ಟಾಪ್ ತಂದು, ನಾನು ಬೆರಳಲ್ಲಿ ಒತ್ತಿದ್ದನ್ನು ಅದು ಗಟ್ಟಿಯಾಗಿ ಓದುವಂತೆ ಮಾಡಿಕೊಟ್ಟು, ಥ್ಯಾಂಕ್ಸ್ ಎನ್ನುವ ಮಾತೂ ಕೇಳದೆ ಹೋದೆ. ಆ ಹೆಣ್ಣುದನಿ, ಬ್ಯಾಂಕಿನಲ್ಲಿ ಟೋಕನ್ ಕರೆಯುವಾಕೆಯ ದನಿ, ಈಗ ನನ್ನ ದನಿ. ಹಾಲಿನವನು ಇನ್ನೂ ನಗು ತಡೆದುಕೊಳ್ಳುವುದು ಕಲಿತಿಲ್ಲ.

ಹಡಗು ಹತ್ತುವ ಮೊದಲು ಬಂದು ಹೋಗುತ್ತೇನೆ ಎಂದು ನೀನು ಹೇಳಿಕಳಿಸಿದ ಮೇಲೆ ಮೂರು ವಾರ ಕೂತು ಒಂದು ಪ್ರಕಟಣೆ ತಯಾರು ಮಾಡಿದೆ. ನಗಬೇಡ, ನನಗೆ ಬರುವುದು ಅದೊಂದೇ. ನಮ್ಮ ಕೆಲಸದಲ್ಲಿ ಒಂದು ಕ್ರಮ ಇದೆ, ಚಿಕ್ಕವಳಿದ್ದಾಗ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ನೀನೂ ಕೇಳಿದ್ದೀಯ. ತಡದ ಸುದ್ದಿ ಮೊದಲು, ಹೊರಡುವ ಹೊತ್ತು ಆಮೇಲೆ. ಬಸ್ಸು ಕೆಟ್ಟಿದೆ, ಎರಡು ಗಂಟೆ ತಡ ಎಂದು ಮೊದಲು ಹೇಳಿಬಿಡಬೇಕು. ಜನ ಬೈದುಕೊಳ್ಳಲಿ. ಅವರು ಸುಮ್ಮನಾದ ಮೇಲೆ ಇಂಥ ಹೊತ್ತಿಗೆ, ಇಂಥ ಕಡೆಯಿಂದ ಹೊರಡುತ್ತದೆ ಎಂದರೆ ಆ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ನಿನಗೂ ಹಾಗೇ ಬರೆದೆ. ನನ್ನ ಬುದ್ಧಿಗೆ ಇಷ್ಟು ಮಂಕು ಕವಿದಿತ್ತು.

ಭಾನುವಾರ ಬೆಳಗ್ಗೆಯಿಂದ ಚಾರ್ಜರ್ ಕಿತ್ತಿಟ್ಟುಕೊಂಡೇ ಅದನ್ನು ಒಂಬತ್ತು ಸಲ ಓದಿಸಿ ನೋಡಿದೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಎಂದು. ನೀನು ಬಂದು ಕೂತ ಮೇಲೆ ಲ್ಯಾಪ್‌ಟಾಪನ್ನು ಹಾಗೇ ಊಟದ ಮೇಜಿಗೆ ತಂದು, ನಿನ್ನ ಎದುರಿಗೆ ಕೂತು ಗುಂಡಿ ಒತ್ತಿದೆ. ಅದು ಓದಿತು. 'ಸಹಿ ಹಾಕಬೇಡ ಎಂದು ನಿನಗೆ ಮೊದಲೇ ಹೇಳಿದ್ದೆ. ನೀನು ಹಾಕಿದೆ. ನನ್ನ ದನಿಯನ್ನು ನನ್ನನ್ನು ಕೇಳದೆ ಕೊಟ್ಟುಬಿಟ್ಟೆ. ಎಂಟು ತಿಂಗಳು ನಾನು ನಿನ್ನನ್ನು ಕ್ಷಮಿಸಲಿಲ್ಲ.' ಅಲ್ಲಿಗೆ ಪರದೆ ಕಪ್ಪಾಯಿತು. ನಿನಗೆ ಕಾಣುತ್ತಿದ್ದದ್ದು ಅದರ ಬೆನ್ನು, ಪರದೆಯಲ್ಲ. ತಲೆ ತಗ್ಗಿಸಿ ಗುಂಡಿಗಳನ್ನೆಲ್ಲ ಕುಟ್ಟುತ್ತಾ, ತಡಿ ತಡಿ ಎಂದು ನಿನ್ನತ್ತ ಅಂಗೈ ಎತ್ತಿದೆ. ಮೈಕ್ ಹಾಕಿರುವಾಗ ನಿಲ್ದಾಣದ ಆ ಕೋಣೆಯಲ್ಲಿ ಅಂಗೈ ಎತ್ತಿದರೆ ಬಾಯಿ ಮುಚ್ಚು ಎಂದು ಅರ್ಥ, ನೀನು ಐದು ವರ್ಷದವಳಿದ್ದಾಗಲೇ ನಿನಗೆ ಕಲಿಸಿದವನೇ ನಾನು. ನೀನು ಸ್ವಲ್ಪ ಹೊತ್ತು ಕಾದೆ. ಕಾದೆ ಎಂದು ನನಗೆ ಗೊತ್ತು. ಆಮೇಲೆ, "ಆಯ್ತಪ್ಪ. ಹೇಳ್ಬೇಕಾಗಿದ್ದು ಹೇಳಿದ್ಯಲ್ಲ, ಬಿಡು" ಎಂದು ಚಹಾದ ಲೋಟ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಸ್ಲೇಟು ಹುಡುಕಿದೆ, ಬಳಪ ಸಿಗಲಿಲ್ಲ. ಮೆಟ್ಟಿಲಿಳಿದು ಓಡೋಣವೆಂದರೆ ಒಂದು ಮಹಡಿ ಇಳಿಯುವಷ್ಟರಲ್ಲಿ ಈ ತೂತಿನಲ್ಲಿ ಉಸಿರು ಸಾಲದೆ ಗೋಡೆ ಹಿಡಿದು ನಿಂತೆ. ಮತ್ತೆ ಹತ್ತಿ ಬಂದು ಬಾಲ್ಕನಿಯಲ್ಲಿ ತಟ್ಟೆಗೆ ಸೌಟು ಬಡಿದೆ. ರಸ್ತೆಯಲ್ಲಿದ್ದವರೆಲ್ಲ ಮೇಲೆ ನೋಡಿದರು. ನೀನೂ ನೋಡಿದೆ. ನೋಡಿ, ಹೆಜ್ಜೆ ಇನ್ನೂ ಜೋರು ಮಾಡಿದೆ. ತಟ್ಟೆ ಬಡಿದು ಅಟ್ಟುತ್ತಿದ್ದಾನೆ ಎಂದುಕೊಂಡೆಯಾ? ಕರೆಯುತ್ತಿದ್ದೆ ಮಗಳೇ. ನನ್ನ ಹತ್ತಿರ ಇನ್ನೇನೂ ಇರಲಿಲ್ಲ.

ಆಮೇಲೆ ನಾನು ಆ ಲ್ಯಾಪ್‌ಟಾಪಿನ ಹಿಂದೆ ಬಿದ್ದೆ. ಉಳಿದರ್ಧ ಅದರೊಳಗೇ ಇತ್ತು, ಅದೊಂದನ್ನು ಹೊರಗೆಳೆದು ಹೇಗಾದರೂ ನಿನಗೆ ತೋರಿಸಿದರೆ ನೀನು ನಂಬುತ್ತೀಯ ಎಂಬ ಹಟ. ಚಾರ್ಜರ್ ಹಾಕಿದರೆ ಹೊತ್ತಿಕೊಂಡಿತು, ಆದರೆ ಮೂರು ವಾರದಿಂದ ಮುಚ್ಚದೆ ತೆರೆದೇ ಇಟ್ಟಿದ್ದ ಪುಟ ಬೋಳು ಬೋಳು. ನೀನು ಹೇಳಿಕೊಟ್ಟಿದ್ದಂತೆ ಹಳೆಯ ಫೈಲುಗಳನ್ನೆಲ್ಲ ಜಾಲಾಡಿದೆ, ಹಾಲಿನವನಿಗೆ ಬೈದದ್ದು ಮಾತ್ರ ಮೂರು ಸಲ ಸಿಕ್ಕಿತು. ಅದು ಯಾಕೆ ಸಾಯುತ್ತದೆ ಎಂದು ತಿಳಿಯಲು ಚಾರ್ಜರ್ ಕಿತ್ತು ಗಡಿಯಾರ ಇಟ್ಟುಕೊಂಡು ಕೂತೆ. ಒಂದು ಸಲ ಇಪ್ಪತ್ತಮೂರು ಪರ್ಸೆಂಟಿಗೆ ಆರಿತು, ಇನ್ನೊಂದು ಸಲ ಇಪ್ಪತ್ತಾರಕ್ಕೆ. ಬಿಸಿಗೆ ಇರಬಹುದೆಂದು ಕಿಟಕಿಯ ಕಲ್ಲಿನ ಮೇಲಿಟ್ಟು ತಣ್ಣಗೆ ಮಾಡಿದೆ. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿದೆ. ಮತ್ತೆ ಇಪ್ಪತ್ತಮೂರಕ್ಕೆ ಕೈಕೊಟ್ಟಿತು. ಮನೆಯಲ್ಲಿ ಎಲೆಕ್ಟ್ರಿಷಿಯನ್ ಮಗಳನ್ನು ಇಟ್ಟುಕೊಂಡು ಒಂದು ದಿನವೂ ಇದರ ತಲೆಬುಡ ಕೇಳಿ ತಿಳಿದುಕೊಳ್ಳದವನಿಗೆ ಇಷ್ಟಾದರೂ ಆಗಬೇಕಾಗಿತ್ತು.

ನಿನ್ನೆ ಬೆಳಗ್ಗೆ ಅದನ್ನು ಎದೆಗವಚಿಕೊಂಡು ಮೂಲೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲೊಬ್ಬಳು ಹೆಂಗಸು, ಹಣೆಗೆ ದೀಪ ಕಟ್ಟಿಕೊಂಡು ಕೆಲಸ ಮಾಡುವವಳು. ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಆಕೆ ತಳದ ಸ್ಕ್ರೂ ಬಿಚ್ಚಿ ನೋಡಿ, "ಬ್ಯಾಟರಿ ಹಳೇದಾಗಿದೆ ಸರ್. ಇಪ್ಪತ್ತು ಪರ್ಸೆಂಟ್ ಇದೆ ಅಂತ ತೋರ್ಸುತ್ತೆ, ಒಳಗೆ ಏನೂ ಇರಲ್ಲ. ಬದಲಾಯಿಸ್ಲೇಬೇಕು" ಎಂದಳು. ಬರೆದದ್ದು ಸಿಗುತ್ತದೆಯೇ ಎಂದು ಕೇಳಿದೆ. ಅರ್ಧ ಗಂಟೆ ಹುಡುಕಿ ತಲೆಯಾಡಿಸಿದಳು. "ಸೇವ್ ಮಾಡ್ದೆ ಇದ್ದಿದ್ದು, ಹೀಗೆ ಆಫ್ ಆದ್ರೆ ಹೋಯ್ತು ಅಂತಾನೇ." ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಸೆಟ್ಟಿಂಗುಗಳನ್ನೂ ತೆರೆದು ನೋಡಿದಳು. "ಎಚ್ಚರಿಕೆ ಬರ್ಲಿಲ್ವಾ ಸರ್? ಯಾರೋ ಬುದ್ಧಿವಂತ್ರು ಮೂವತ್ತಕ್ಕೇ ಸದ್ದು ಬರೋ ಹಾಗೆ ಇಟ್ಟಿದಾರೆ. ಆಮೇಲೆ ಇನ್ಯಾರೋ ಬಂದು ಅದ್ನ ಆಫ್ ಮಾಡಿದಾರೆ."

ಆ ಇನ್ಯಾರೋ ನಾನೇ. ನಿನಗೆ ಇದು ಗೊತ್ತಿರಲಿಕ್ಕಿಲ್ಲ. ನೀನು ಲ್ಯಾಪ್‌ಟಾಪ್ ಕೊಟ್ಟುಹೋದ ಮೊದಲ ವಾರ, ನಾನು ನೀರು ಬಿಡುವವನನ್ನು ಅದರ ಬಾಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಗ ನಡುವೆ ಮೂಗು ತೂರಿಸಿ ಒಂದು ದನಿ ಬಂತು. ನೀನು ರೆಕಾರ್ಡ್ ಮಾಡಿಟ್ಟಿದ್ದ ನಿನ್ನದೇ ದನಿ. ನನ್ನ ಮೈಕಿನಲ್ಲಿ ಮೂವತ್ತೊಂದು ವರ್ಷ ಯಾರೂ ನಡುವೆ ಬಾಯಿ ಹಾಕಿರಲಿಲ್ಲ, ಅದರಲ್ಲೂ ಆಗ ನಿನ್ನ ದನಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹುಡುಕಿ ಹುಡುಕಿ ಅದನ್ನು ಮುಚ್ಚಿಸಿದೆ. ನಿನ್ನೆ ಆಕೆ ಅದನ್ನು ಮತ್ತೆ ಹಾಕಿ, ಪರೀಕ್ಷೆಗೆಂದು ಒಮ್ಮೆ ಒತ್ತಿದಳು. ಆ ಅಂಗಡಿಯಲ್ಲಿ, ಅಷ್ಟು ಗಿರಾಕಿಗಳ ನಡುವೆ, "ಅಪ್ಪಾ, ಚಾರ್ಜರ್ ಹಾಕಪ್ಪಾ, ಮಾತು ಅರ್ಧಕ್ಕೆ ನಿಲ್ಲುತ್ತೆ" ಎಂದೆ ನೀನು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಅಳುವಿಗೆ ಈಗ ಸದ್ದಿಲ್ಲ, ತೂತಿನಿಂದ ಗಾಳಿ ಬರುತ್ತದೆ ಅಷ್ಟೇ. ರಿಪೇರಿಯಾಕೆ ಗಾಬರಿಯಾಗಿ ಸ್ಟೂಲು ತಂದು ಕೂರಿಸಿದಳು. ನೀನು ಎಲ್ಲವನ್ನೂ ಮೊದಲೇ ಕಂಡುಕೊಂಡು ಹೇಳಿಟ್ಟಿದ್ದೆ, ನಾನು ನಿನ್ನ ಬಾಯಿ ಮುಚ್ಚಿಸಿದ್ದೆ.

ಹೊಸ ಬ್ಯಾಟರಿ ಹಾಕಿಕೊಟ್ಟಿದ್ದಾಳೆ. ಆದರೂ ಬೇಕೆಂದೇ ಚಾರ್ಜರ್ ಕಿತ್ತು, ಮೂವತ್ತಕ್ಕೆ ಬರಲಿ ಎಂದು ಕಾಯುತ್ತಾ ಕೂರುತ್ತೇನೆ. ನಿನ್ನೆಯಿಂದ ಎರಡು ಸಲ ಕೇಳಿದ್ದೇನೆ.

ಇನ್ನು ಉಳಿದರ್ಧ. ಅಕ್ಷರಕ್ಕೆ ಅಕ್ಷರ ನೆನಪಿಲ್ಲ, ನೆನಪಾದಷ್ಟು ಬರೆಯುತ್ತೇನೆ. ಕಳೆದ ತಿಂಗಳು ನಾನು ನಿಲ್ದಾಣಕ್ಕೆ ಹೋಗಿದ್ದೆ. ಒಬ್ಬಳು ಮುದುಕಿ ಗಂಟು ಹೊತ್ತುಕೊಂಡು ಬಂದು ತನ್ನ ಬಸ್ಸು ಯಾವುದು ಎಂದು ನನ್ನನ್ನೇ ಕೇಳಿದಳು. ಮೊದಲಾದರೆ ಮೈಕಿನಿಂದಲೇ ಕೂಗಿ ಮುಗಿಸುತ್ತಿದ್ದೆ. ಈಗ ಬಾಯಿಲ್ಲವಲ್ಲ, ಗಂಟು ಇಸಿದುಕೊಂಡು, ಕೈ ಹಿಡಿದು ಕರೆದುಕೊಂಡು ಹೋಗಿ ಬಸ್ಸಿನಲ್ಲಿ ಕೂರಿಸಿದೆ. ಮುದುಕಿ ದಾರಿಯುದ್ದಕ್ಕೂ ತನ್ನ ಸೊಸೆಯ ಮೇಲೆ ದೂರು ಹೇಳಿದಳು, ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಮನೆಗೆ ಬಂದು ಕೂತಾಗ ಅನ್ನಿಸಿತು, ನಾನು ಇನ್ನೂ ಇದ್ದೇನಲ್ಲ, ಇದ್ದದ್ದು ಒಳ್ಳೆಯದೇ ಆಯಿತು. ನೀನು ಸಹಿ ಹಾಕದೆ ಇದ್ದಿದ್ದರೆ ಇದು ಇರುತ್ತಿರಲಿಲ್ಲ. ನೀನು ಮಾಡಿದ್ದು ಸರಿ. ಗೋಡೆಯ ಕಡೆ ತಿರುಗಿದ್ದು ನನ್ನ ತಪ್ಪು. ನನ್ನನ್ನು ಕ್ಷಮಿಸು. ಇಷ್ಟೇ ಇತ್ತು. ಕೊನೆಯಲ್ಲಿ ಇನ್ನೊಂದು ವಿಷಯವೂ ಇತ್ತು, ಈಗ ಅದನ್ನು ಬರೆದರೆ ಕನಿಕರ ಗಿಟ್ಟಿಸಿಕೊಂಡಂತೆ ಆಗುತ್ತದೆ, ಬೇಡ ಬಿಡು.

ಇದೆಲ್ಲ ನೀನು ಹೋದ ಮೇಲೆ ಹೊಸೆದ ಕಥೆ ಎಂದು ನಿನಗೆ ಅನ್ನಿಸಬಹುದು. ಅಲ್ಲ ಎಂದು ತೋರಿಸಲು ನನ್ನ ಹತ್ತಿರ ಏನೂ ಇಲ್ಲ, ಇದ್ದ ಒಂದೇ ಸಾಕ್ಷಿ ಲ್ಯಾಪ್‌ಟಾಪ್ ಆರಿದಾಗಲೇ ಹೋಯಿತು. ಕ್ಷಮಿಸದಿದ್ದರೂ ಪರವಾಗಿಲ್ಲ, ಅಪ್ಪ ನನ್ನನ್ನು ದ್ವೇಷಿಸುತ್ತಾನೆ ಎಂದುಕೊಂಡು ಮಾತ್ರ ಹಡಗು ಹತ್ತಬೇಡ. ಎರಡು ವರ್ಷ ಅದನ್ನು ಹೊತ್ತುಕೊಂಡು ನೀರಿನ ಮೇಲೆ ತಿರುಗಬೇಡ. ಒಂದು ಗೀಟು ಎರಡಾದರೆ ನನಗೆ ಅಷ್ಟೇ ಸಾಕು.

ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ, ನಿನ್ನ ಕೈಗೆ ಶಾಕ್ ಹೊಡೆಯದಿರಲಿ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಮೇಲೆ ಪ್ರಾಣವಿಟ್ಟುಕೊಂಡಿರುವ,
ಅಪ್ಪ

ತಾ.ಕ.: ಅಂಚೆ ಹೊರಡಲು ಇಪ್ಪತ್ತು ನಿಮಿಷ ಇದೆ. ಕವರ್ ಹುಡುಕಲು ಆಸ್ಪತ್ರೆಯ ಚೀಲ ಸುರಿದೆ, ಆಪರೇಷನ್ನಿನ ಒಪ್ಪಿಗೆ ಪತ್ರದ ಈ ಜೆರಾಕ್ಸ್ ಸಿಕ್ಕಿತು, ಜೊತೆಗೆ ಇಟ್ಟಿದ್ದೇನೆ. ಬೇಡ ಎಂದಿದ್ದ ವಿಷಯ ಇದೇ. ಕುತ್ತಿಗೆಯ ತೂತು ಕಿರಿದಾಗುತ್ತಿದೆ, ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅರಿವಳಿಕೆ ಕೊಟ್ಟು ಹಿಗ್ಗಿಸುತ್ತಾರಂತೆ. ನಡುವೆ ಏನಾದರೂ ಆಗಿ ನನ್ನನ್ನು ಕೇಳಲಾಗದಿದ್ದರೆ ಯಾರು ತೀರ್ಮಾನಿಸಬೇಕು ಎಂದು ಎರಡನೇ ಪುಟದಲ್ಲಿ ಒಂದು ಗೆರೆ ಇದೆ. ಅಲ್ಲಿ ನಿನ್ನ ಹೆಸರು, ನಿನ್ನ ನಂಬರು ಬರೆದಿದ್ದೇನೆ, ಈ ಸಲ ನಾನೂ ನಿನ್ನನ್ನು ಕೇಳಲಿಲ್ಲ. ಪಕ್ಕದಲ್ಲಿ ಆಸ್ಪತ್ರೆಯ ಮೊಹರಿನ ತಾರೀಖು ನೋಡು, ಮಾರ್ಚ್ 4. ನೀನು ಬರುವುದಕ್ಕೆ ನಾಲ್ಕು ದಿನ ಮುಂಚಿನದು. ಶನಿವಾರ ನಿನಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದು ನಾನಲ್ಲ, ಆಸ್ಪತ್ರೆಯವರು. ಎತ್ತು, ಮಗಳೇ.