ಕಂಬಳಿ ಮುಚ್ಚಿದ ಟಬ್ಬು

ಸೆಪ್ಟೆಂಬರ್ 2

ಎರಡನೇ ಬ್ಯಾಚ್ ಪ್ರಾಕ್ಟಿಕಲ್ ಮುಗಿಯಿತು. ಪಿಪೆಟ್ ತೊಳೆದದ್ದೂ ನಾನೇ. ಹನ್ನೊಂದು ವರ್ಷದಿಂದ ಶಿಕಾರಿಪುರದ ಈ ಕಾಲೇಜಿನಲ್ಲಿ ಕೆಮಿಸ್ಟ್ರಿಗೆ ಅತಿಥಿ ಉಪನ್ಯಾಸಕಿ. ತೃಪ್ತಿ ಬಂದು ವರ್ಷವಾಗಿಲ್ಲ, ಪರ್ಮನೆಂಟ್. ಪ್ರಾಜೆಕ್ಟೂ ಅವಳದೇ. ಜೋಳದ ಹೊಲದ ಕಳೆನಾಶಕ ಸೇರಿದ ನೀರಿಗೆ ಬಿಳಿ ನ್ಯಾನೋ ಪುಡಿ. ಬಿಸಿಲು ಬಿದ್ದರೆ ಪುಡಿ ವಿಷವನ್ನು ಒಡೆಯುತ್ತದೆ.

ಪುಡಿ ಕದಡಿದರೆ ಮತ್ತೆ ತೆಗೆಯುವುದು ಹೇಗೆ, ಹಂಚಿನ ಚೂರಿಗೆ ಹಚ್ಚಿ ಅಂದವಳು ನಾನು. ಇವತ್ತು ಪ್ರಿನ್ಸಿಪಾಲರ ಮುಂದೆ ಅವಳು, "ಹಂಚಿಗೆ ಹಚ್ಚೋ ಐಡಿಯಾ ಹೊಳೀತು, ಸರ್."

ಹೊಳೆಯಿತಂತೆ! ಪಕ್ಕದಲ್ಲೇ ನಿಂತಿದ್ದೆ, ಬೀಕರ್ ಹಿಡಿದುಕೊಂಡು.

ಸೆಪ್ಟೆಂಬರ್ 7, ಹೊಸಬಾಳೆ

ನನ್ನ ತವರಲ್ಲೇ ಪ್ರಯೋಗ, ತೃಪ್ತಿಯೂ ಬಂದಿದ್ದಳು. ಮಳೆ ಹೊಳವಾಗಿ ಬಿಸಿಲು ಬಿದ್ದಿದೆ. ಜೋಳದ ಹೊಲದಿಂದ ಹರಿದು ಬಂದು ನಿಂತ, ಅಪ್ಪನ ಕುರಿ ಕುಡಿಯುವ ಹೊಂಡದ ನೀರು, ಎರಡು ಟಬ್ಬು. ಎರಡರಲ್ಲೂ ಪುಡಿ ಹಚ್ಚಿದ ಹಂಚು. ಒಂದು ಬಿಸಿಲಿಗೆ. ಇನ್ನೊಂದಕ್ಕೆ ಬೆಳಕು ಸೋಕಬಾರದು, ಹೋಲಿಸಿ ನೋಡಲು. ಅದಕ್ಕೆ ಅಪ್ಪ ತನ್ನ ಕಂಬಳಿಯನ್ನೇ ಮುಚ್ಚಿದ. ನನಗೂ ಹೊದೆಯಲು ಕೊಡದ ಕಂಬಳಿ!

ತೃಪ್ತಿಗೆ ರೊಟ್ಟಿ, ಗಟ್ಟಿ ಮೊಸರು. ನನ್ನ ಕೆಲಸವೇನೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳದ ಅಪ್ಪ ಅವಳನ್ನು ಒಂದು ಗಂಟೆ ಕೇಳಿದ. ಹೊಟ್ಟೆಯುರಿ ನನಗೆ. ಬರೆದೇಬಿಡುತ್ತೇನೆ, ಯಾರು ಓದುತ್ತಾರೆ.

ಸೆಪ್ಟೆಂಬರ್ 14

ತೃಪ್ತಿಗೆ ಜ್ವರ. ಸ್ಯಾಂಪಲ್ ತರಲು ನಾನೊಬ್ಬಳೇ ಹೋದೆ. ಎರಡು ಬಾಟಲಿ, ಎರಡು ಚೀಟಿ: 'ಬಿಸಿಲು', 'ಕತ್ತಲು'.

ಎರಡನ್ನೂ ಕಂಬಳಿ ಸರಿಸಿ ಅದೇ ಟಬ್ಬಿನಿಂದ ತುಂಬಿದೆ.

ಶಿವಮೊಗ್ಗದ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದ್ದಾಯಿತು.

ಸೆಪ್ಟೆಂಬರ್ 24

ರಿಪೋರ್ಟ್ ಬಂತು. ಎರಡರಲ್ಲೂ ವಿಷ ಒಂದೇ ಸಮ. ಬಿಸಿಲಿಗಿಟ್ಟರೂ ಪುಡಿ ಏನೂ ಮಾಡಿಲ್ಲ ಎಂದರ್ಥ. ತೃಪ್ತಿ ಮೂರು ಸಲ ಓದಿದಳು. ಪುಡಿ ಹಚ್ಚಿದ ಹಂಚು ಸುಡುವಾಗ ತಾನೇ ಎಲ್ಲೋ ತಪ್ಪು ಮಾಡಿರಬೇಕು ಅಂದಳು. ಸೋಮವಾರ ಪ್ರಾಜೆಕ್ಟ್ ವಾಪಸ್ ಪತ್ರ ಕೊಡುತ್ತಾಳಂತೆ.

ಆಮೇಲೆ ಇನ್ನೊಂದು ಮಾತು. "ಅಕ್ಕ, ಪ್ರಾಜೆಕ್ಟ್ ಪೇಪರಿನಲ್ಲಿ ನಿಮ್ಮ ಹೆಸರು ಮೊದಲು ಹಾಕಿದ್ದೆ. ಹಂಚಿನ ಯೋಚನೆ ನಿಮ್ಮದಲ್ವಾ. ಅವತ್ತು ಸರ್ ಮುಂದೆ ಹೇಳೋದು ಬಿಟ್ಟೋಯ್ತು."

ಟೀಯನ್ನು ಸಿಂಕಿಗೆ ಚೆಲ್ಲಿದೆ.

ಹೆಸರು ಮೊದಲು ಹಾಕಿದ್ದರೆ ಮೊದಲೇ ಹೇಳಬಾರದಿತ್ತೇ? ಈಗಲೂ ಸಿಟ್ಟು ಬರುತ್ತಿದೆ, ಅವಳ ಮೇಲೇ.

ಸೆಪ್ಟೆಂಬರ್ 28, ಹೊಸಬಾಳೆ

ಅಪ್ಪ ಎರಡು ತೆಂಗಿನ ಚಿಪ್ಪು ತಂದು ಮುಂದಿಟ್ಟ. ಬಿತ್ತುವ ಮೊದಲು ಯಾವ ಬೀಜವನ್ನೂ ಚಿಪ್ಪಿನಲ್ಲಿ ಮೊಳೆಸಿ ನೋಡದೆ ನಂಬುವವನಲ್ಲ. ಅದೇ ಚಾಳಿ. ನಾನು ಸ್ಯಾಂಪಲ್ ಒಯ್ದ ದಿನ ಟಬ್ಬು ಚೆಲ್ಲುವ ಮೊದಲು ಎರಡು ನೀರನ್ನೂ ಬೇರೆಬೇರೆ ಕೊಡದಲ್ಲಿ ಹಿಡಿದಿಟ್ಟು, ಸೌತೆ ಬೀಜಕ್ಕೆ ಹಾಕಿದ್ದಾನೆ. ಈ ವಿಷ ಜೋಳಕ್ಕೆ ತಟ್ಟುವುದಿಲ್ಲ, ಸೌತೆ ತಡೆದುಕೊಳ್ಳುವುದಿಲ್ಲ. ಅಪ್ಪನಿಗೆ ಅದು ಹೊಲದಲ್ಲೇ ಗೊತ್ತು.

ಸುಣ್ಣದ ಬೊಟ್ಟಿನ ಚಿಪ್ಪು ಬಿಸಿಲಿನ ನೀರಿನದು, ಸಸಿ ಹಸಿರಾಗಿ ಎದ್ದಿದೆ. ಮಸಿ ಬೊಟ್ಟಿನದು ಕಂಬಳಿ ನೀರಿನದು. ಎಲೆಯಂಚು ಹಳದಿ, ಸುಟ್ಟ ಹಾಗೆ.

"ಆ ಮೇಡಂಗೆ ಕೊಡು. ಅವರ ಪುಡಿ ಕೆಲ್ಸ ಮಾಡೈತೆ."

ರಿಪೋರ್ಟ್ ಬೇರೆ ಹೇಳುತ್ತದೆ ಅಂದೆ. ಅಪ್ಪ ಯೋಚಿಸಿದ.

"ನೀ ಎರಡೂ ಬಾಟ್ಲಿ ಕಂಬಳಿ ಟಬ್ಬಿಂದ್ಲೇ ತುಂಬ್ದಲ್ಲ, ನೋಡ್ದೆ. ಓದಿದೋರು ಹಂಗೇ ಮಾಡ್ತಾರೇನೋ ಅನ್ಕಂಡು ಸುಮ್ಕಿದ್ದೆ."

ಮುಖದಲ್ಲಿ ಅನುಮಾನವೇ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 29, ಬೆಳಿಗ್ಗೆ 9.50

ಬಸ್ಸಿನುದ್ದಕ್ಕೂ ಚಿಪ್ಪು ತೊಡೆಯ ಮೇಲೆ. ಸ್ಟ್ಯಾಂಡಿನಲ್ಲಿ ಕಸದ ಡಬ್ಬಿ ಇತ್ತು. ಎರಡು ನಿಮಿಷ ಅಲ್ಲೇ ನಿಂತಿದ್ದೆ.

ಈಗ ಲ್ಯಾಬಿನ ಮೇಜಿನ ಮೇಲಿವೆ. ತೃಪ್ತಿ ಬಂದಳು, ಕೈಯಲ್ಲಿ ವಾಪಸ್ ಪತ್ರ. ಚಿಪ್ಪು ನೋಡಿದಳು. ಬಗ್ಗಿ ಹಳದಿ ಎಲೆ ಮುಟ್ಟುತ್ತಿದ್ದಾಳೆ.

"ಏನಕ್ಕ ಇದು?"

ಬರೆಯುವುದು ಸಾಕು. ಬಾಯಿಬಿಟ್ಟು ಹೇಳಬೇಕು. ತೃಪ್ತಿ, ಆ ಬಾಟಲಿ—